ಗೋಡೆ ಹತ್ತಿದ ಅಜ್ಜಿ

ಜನವರಿ 14

ಕಡ್ಡಿಗೆ ಅಜ್ಜಿಯ ಆಶೀರ್ವಾದ.

ಅಂಚೆಯವನು ಬೆಳಿಗ್ಗೆ ಒಂದು ಪೊಟ್ಟಣ ತಂದುಕೊಟ್ಟ. ನಿನ್ನ ಅಕ್ಷರ ನೋಡಿ, ಮೊಮ್ಮಗಳು ಏನೋ ಕಳಿಸಿದ್ದಾಳೆ ಅಂತ ಕತ್ತರಿಯನ್ನೂ ಹುಡುಕದೆ ಹಲ್ಲಿನಲ್ಲೇ ದಾರ ಕಡಿದೆ. ಬಿಚ್ಚಿದರೆ ನಾನೇ ಹೆಣೆದು ಕಳಿಸಿದ ಸ್ವೆಟರ್ ನನ್ನ ಮುಖ ನೋಡುತ್ತಾ ಕೂತಿದೆ. ಜೊತೆಗೆ ನಿನ್ನ ಚೀಟಿ: ‘ಅಜ್ಜೀ, ಬೇಜಾರು ಮಾಡಿಕೊಳ್ಳಬೇಡ. ಇದು ಪ್ಲಾಸ್ಟಿಕ್ ನೂಲು. ನಾನು ಹಾಕುವ ಹಾಗಿಲ್ಲ.’

ಬೇಜಾರು ಮಾಡಿಕೊಂಡಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಮಿಕ್ಕ ಮಾತು ಆಮೇಲೆ. ಕೊರಳಿನ ಪಟ್ಟಿಯನ್ನು ಬಿಚ್ಚಿ ಬಿಚ್ಚಿ ಹೆಣೆದಿದ್ದೆ. ಚಿಕ್ಕಂದಿನಿಂದ ನಿನಗೆ ಕೊರಳ ಹತ್ತಿರ ಬಿಗಿಯಾದರೆ ಆಗುವುದಿಲ್ಲ, ಉಸಿರು ಸಿಕ್ಕಿಕೊಳ್ಳುತ್ತದೆ ಅಂತ.

‘ಹಾಗಿಲ್ಲ’ ಅನ್ನುವ ಮಾತು ನಾನು ಮೊದಲೇ ಕೇಳಿದ್ದೇನೆ ಕಣೇ. ನನ್ನ ಅತ್ತೆ, ಅಂದರೆ ನಿನ್ನ ಮುತ್ತಜ್ಜಿ, ಹೀಗೇ ಅನ್ನುತ್ತಿದ್ದಳು. ಇದನ್ನು ಮುಟ್ಟುವ ಹಾಗಿಲ್ಲ, ಅದನ್ನು ತಿನ್ನುವ ಹಾಗಿಲ್ಲ, ಇವತ್ತು ನಗುವ ಹಾಗಿಲ್ಲ. ಯಾರು ಹೇಳಿದರು ಅಂತ ಕೇಳಿದರೆ ಬೆರಳನ್ನು ಮೇಲಕ್ಕೆ ತೋರಿಸುತ್ತಿದ್ದಳು. ನೀನು ಯಾವ ಕಡೆಗೆ ತೋರಿಸುತ್ತೀ?

ನಿನ್ನ ಅಪ್ಪ ಯಾರದೋ ಮನೆಯ ಫ್ರಿಜ್ ರಿಪೇರಿ ಮುಗಿಸಿ ಬಂದವನು ಸ್ವೆಟರ್ ನೋಡಿ ನಕ್ಕ. “ಅಮ್ಮಾ, ನಿನ್ನ ಮೊಮ್ಮಗಳು ಹೊಸ ಧರ್ಮಕ್ಕೆ ಸೇರಿದ್ದಾಳೆ ಬಿಡು. ಮರ ಅಂದ್ರೆ ದೇವರು, ಪ್ಲಾಸ್ಟಿಕ್ ಅಂದ್ರೆ ಪಾಪ, ಪ್ರಳಯ ನಾಳೆಯೋ ನಾಡಿದ್ದೋ!” ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದ್ದರಿಂದ ಅಕ್ಕಪಕ್ಕದ ಮನೆಯವರಿಗೂ ನಿನ್ನ ಧರ್ಮ ಗೊತ್ತಾಗಿದೆ.

ಅವನು ಹೇಳಿದ್ದನ್ನೆಲ್ಲ ನಂಬುವವಳಲ್ಲ ನಾನು. ಆದರೆ ಮಾತು ತಲೆಯೊಳಗೆ ಹೊಕ್ಕು ಕೂತಿದೆ. ಓದಿದ್ದು ನಾಲ್ಕನೇ ಕ್ಲಾಸು, ಅದೂ ಮೇಷ್ಟ್ರು ಬಂದ ದಿನ ಮಾತ್ರ. ಹಾಗಾಗಿ ಗೊತ್ತಿಲ್ಲದ್ದನ್ನು ಕೇಳಲು ನನಗೆ ನಾಚಿಕೆಯಿಲ್ಲ. ನಿಮ್ಮಲ್ಲಿ ಗುರು ಅಂತ ಯಾರಾದರೂ ಇದ್ದಾರಾ? ತಪ್ಪು ಮಾಡಿದವರಿಗೆ ಏನು ಮಾಡುತ್ತೀರಿ? ಎಲ್ಲರೂ ಸೇರಿ ಹಾಡುತ್ತೀರಾ? ಹಾಡುತ್ತೀರಿ ಅಂದರೆ ಅದು ಧರ್ಮವೇ ಅಂತ ನನ್ನ ಅನುಮಾನ.

ಫೋನು ಮಾಡಬೇಡ. ಈ ಕಿವಿಗೆ ಫೋನೆಂದರೆ ಡಬ್ಬಿಯೊಳಗೆ ದುಂಬಿ ಬಿಟ್ಟ ಹಾಗೆ. ಬರಿ.

ಸ್ವೆಟರ್ ವಾಪಸು ಬಂದ
ನಿನ್ನ ಅಜ್ಜಿ

*

ಜನವರಿ 29

ಅಜ್ಜೀ,

ಕಾಗದದ ಹಿಂಬದಿಯಲ್ಲಿ ಏನೇನೋ ಅಂಕಿಗಳಿದ್ದರೆ ಗಾಬರಿಯಾಗಬೇಡ. ನಮ್ಮ ಪ್ರಯೋಗಾಲಯದಲ್ಲಿ ಬಳಸಿ ಬಿಟ್ಟ ಹಾಳೆ. ಒಂದೇ ಮಗ್ಗುಲು ಬರೆದು ಎಸೆಯಲು ಮನಸ್ಸು ಬರಲಿಲ್ಲ.

ಸ್ವೆಟರಿನದ್ದು ತಪ್ಪಾಯಿತು. ಚೀಟಿಯನ್ನಾದರೂ ಉದ್ದ ಬರೆಯಬೇಕಿತ್ತು. ಆದರೆ ನಾನು ಮೇಲಕ್ಕೆ ಬೆರಳು ತೋರಿಸುವುದಿಲ್ಲ ಅಜ್ಜೀ, ಕೆಳಕ್ಕೆ ತೋರಿಸುತ್ತೇನೆ. ನನ್ನ ಕೆಲಸವೇ ನೀರು ಪರೀಕ್ಷೆ ಮಾಡುವುದಲ್ಲವಾ? ಆ ಥರದ ನೂಲಿನ ಬಟ್ಟೆ ಒಗೆದಾಗಲೆಲ್ಲ ಕೂದಲಿಗಿಂತ ಸಣ್ಣ ಎಳೆಗಳು ನೀರಿಗೆ ಸೇರುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ನೋಡಿದ್ದೇನೆ, ಕೆಂಪು, ನೀಲಿ, ಹಸಿರು. ಯಾರೋ ಹೇಳಿದ್ದಲ್ಲ, ಕಣ್ಣಾರೆ ಕಂಡದ್ದು.

ನಾವು ಆರು ಜನ ಒಂದು ಹಳೆಯ ಕಟ್ಟಡದ ಐದನೇ ಮಹಡಿಯಲ್ಲಿದ್ದೇವೆ. ಗುರು ಯಾರೂ ಇಲ್ಲ. ದೊಡ್ಡಕ್ಕ ಇದ್ದಾರೆ. ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು, ಈ ಮನೆ ಅವರದ್ದು. ಅಡುಗೆಮನೆಯ ಬಾಗಿಲ ಮೇಲೆ ನಮ್ಮ ನೇಮಗಳನ್ನು ಬರೆದಿದ್ದೇವೆ: ಲಿಫ್ಟ್ ಬಳಸುವುದಿಲ್ಲ, ವಿಮಾನ ಹತ್ತುವುದಿಲ್ಲ, ಹೊಸ ಬಟ್ಟೆ ಕೊಳ್ಳುವುದಿಲ್ಲ, ಹೀಗೆ. ಸೋಮವಾರ ಸಂಜೆ ಎಲ್ಲರೂ ನೆಲದ ಮೇಲೆ ಸುತ್ತ ಕೂರುತ್ತೇವೆ. ಆ ವಾರ ಎಲ್ಲಿ ಎಡವಿದೆವು, ಏನು ಬಿಟ್ಟೆವು ಅಂತ ಒಬ್ಬೊಬ್ಬರಾಗಿ ಹೇಳುತ್ತೇವೆ. ಮಿಕ್ಕವರು ಸುಮ್ಮನೆ ಕೇಳಬೇಕು. ಬಯ್ಯುವಂತಿಲ್ಲ, ಪ್ರಶ್ನೆ ಹಾಕುವಂತಿಲ್ಲ. ಇದು ಧರ್ಮವಲ್ಲ. ಬೆಂಕಿ ಬಿದ್ದಾಗ ಓಡಿಬರುವ ಅಗ್ನಿಶಾಮಕದವರಿಗೆ ಯಾರಾದರೂ ನಿಮ್ಮದು ಯಾವ ಧರ್ಮ ಅಂತ ಕೇಳುತ್ತಾರಾ?

(ಹಾಡುತ್ತೇವೆ. ಆದರೆ ಯಾರಿಗೂ ರಾಗ ಬರುವುದಿಲ್ಲ.)

ನೀನು ಸವೆದ ಅಂಗಿಯ ಕಾಲರ್ ಬಿಚ್ಚಿ, ಮಗುಚಿ, ಒಳಮೈ ಹೊರಗೆ ಬರುವ ಹಾಗೆ ಹೊಲಿಯುವುದನ್ನು ಸಭೆಯಲ್ಲಿ ಹೇಳಿದೆ. ಎಲ್ಲರೂ ಬೆರಗಾದರು. ನಿನ್ನದೊಂದು ಫೋಟೋ ಬೇಕಂತೆ.

ಅಪ್ಪನಿಗೆ ಹೇಳು, ಹಳೆಯ ಫ್ರಿಜ್ಜಿನ ಗ್ಯಾಸನ್ನು ಗಾಳಿಗೆ ಬಿಡಬೇಡ ಅಂತ. ಆ ಜಾತಿಯ ಗ್ಯಾಸ್ ಭೂಮಿಗೆ ಸೆಕೆಗಾಲದಲ್ಲಿ ಕಂಬಳಿ ಹೊದಿಸಿದ ಹಾಗೆ, ಹೊಗೆಗಿಂತ ಕೆಟ್ಟದ್ದು.

ನಾನು ಚೆನ್ನಾಗಿದ್ದೇನೆ. ಮೆಟ್ಟಿಲು ಹತ್ತುವಾಗ ಮೂರನೇ ಮಹಡಿಯಲ್ಲಿ ಹಸಿರು ಬಾಗಿಲಿನ ಮನೆಯ ಮುಂದೆ ಸಾಲಾಗಿ ಕುಂಡಗಳಿವೆ. ಈಗೀಗ ಅಲ್ಲಿ ನಿಂತು ನೋಡುವುದು ಅಭ್ಯಾಸವಾಗಿದೆ. ಅಂಚಿನ ಕುಂಡದಲ್ಲಿ ಮೊಗ್ಗು ಬರುವ ಹಾಗಿದೆ.

ನಿನ್ನ
ಕಡ್ಡಿ

*

ಫೆಬ್ರವರಿ 12

ನನ್ನ ಕಡ್ಡಿಗೆ,

ಹಿಂದಿನ ಅಂಕಿಗಳನ್ನೂ ಓದಿದೆ. ನೀನು ಬರೆದದ್ದಕ್ಕಿಂತ ಅವೇ ಚೊಕ್ಕವಾಗಿವೆ.

ಕಣ್ಣಾರೆ ಕಂಡೆ ಅಂತೀಯ. ದೇವರನ್ನು ಕಂಡವರೂ ಇದನ್ನೇ ಹೇಳುತ್ತಾರೆ. ಆದರೆ ಒಂದು ವ್ಯತ್ಯಾಸವಿದೆ, ಒಪ್ಪುತ್ತೇನೆ. ನನಗೂ ತೋರಿಸಿ ಅಂದರೆ ಅವರು, ನಿನಗೆ ಭಕ್ತಿ ಸಾಲದು ಅನ್ನುತ್ತಾರೆ. ನೀನು ಆ ದರ್ಶಕದ ಕೆಳಗೆ ನನ್ನಂಥ ಮುದುಕಿಗೂ ತೋರಿಸಬಹುದು. ತೋರಿಸುತ್ತೀಯಲ್ಲ? ಬೆಂಕಿ ಆರಿಸುವವರ ಮಾತೂ ಚೆನ್ನಾಗಿದೆ. ಮೂರು ದಿನ ಅದನ್ನೇ ಮೆಲುಕು ಹಾಕಿದೆ. ಆದರೆ ಅವರು ಸೋಮವಾರ ಸಂಜೆ ಸುತ್ತ ಕೂತು, ಅಯ್ಯೋ ನಾನು ಇವತ್ತು ಒಲೆ ಹಚ್ಚಿಬಿಟ್ಟೆ ಅಂತ ಕಣ್ಣೀರು ಹಾಕುವುದಿಲ್ಲವಲ್ಲೇ! ಅಲ್ಲಿ ನನಗೆ ನನ್ನ ಅತ್ತೆಯ ವಾಸನೆ ಬರುತ್ತದೆ. ಅವಳು ಉಪವಾಸ ಹಿಡಿದರೆ ಸೊರಗುತ್ತಿದ್ದವಳು ನಾನು. ಅವಳು ಮಲಗಿ ದೇವರ ಹೆಸರು ಹೇಳುವಳು, ನಾನು ಅವಳ ಪಾಲಿನ ಕೆಲಸವನ್ನೂ ಮಾಡುವವಳು. ನಿಮ್ಮಲ್ಲಿ ಒಬ್ಬರ ನೇಮಕ್ಕೆ ಸೊರಗುವವರು ಯಾರು ಅಂತ ಒಮ್ಮೆ ನೋಡು. ಯಾರಾದರೂ ಇದ್ದೇ ಇರುತ್ತಾರೆ.

ಪ್ರಶ್ನೆ ಹಾಕುವಂತಿಲ್ಲ ಅಂದೆಯಲ್ಲ, ಅದು ಯಾಕೆ? ನನ್ನನ್ನು ಆ ಸಭೆಯಲ್ಲಿ ಕೂರಿಸಿದರೆ ಹೊಟ್ಟೆ ಉಬ್ಬರಿಸಿ ಸಾಯುತ್ತೇನೆ.

ಫೋಟೋ ಕಳಿಸಿದ್ದೇನೆ. ಮಷೀನಿನ ಮುಂದೆ ಕೂತು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುವುದು. ಅದೊಂದರಲ್ಲೇ ನಾನು ಬಾಯಿ ಮುಚ್ಚಿರುವುದು ಅಂತ ನಿನ್ನ ಅಪ್ಪ ಆರಿಸಿಕೊಟ್ಟ. ಆದರೆ ನಿನ್ನ ಗೆಳೆಯರಿಗೆ ಒಂದು ಮಾತು ಹೇಳು. ನಾನು ಕಾಲರ್ ಮಗುಚಿದ್ದು ಭೂಮಿಯ ಮೇಲಿನ ಪ್ರೀತಿಗಲ್ಲ. ಹೊಸ ಅಂಗಿ ತರುವ ಯೋಗ್ಯತೆ ಇರಲಿಲ್ಲ, ಅದಕ್ಕೆ. ಮನೆಗೆ ಮೊದಲ ಪ್ಲಾಸ್ಟಿಕ್ ಕೊಡ ಬಂದ ದಿನ ನಾನು ಅದನ್ನು ಸೊಂಟದ ಮೇಲಿಟ್ಟುಕೊಂಡು ಅಂಗಳದಲ್ಲಿ ಕುಣಿದಿದ್ದೆ. ತಾಮ್ರದ ಕೊಡ ಹೊತ್ತು ಹೊತ್ತು ಸೊಂಟದಲ್ಲಿ ಬಿದ್ದಿದ್ದ ಕಪ್ಪು ಕಲೆ ಆಮೇಲೆ ತಾನೇ ಮಾಯವಾದದ್ದು! ಆ ಕೊಡಕ್ಕೆ ನಾನು ಕೈಮುಗಿದಿದ್ದೇನೆ. ಇದನ್ನೂ ಸಭೆಯಲ್ಲಿ ಹೇಳು.

ಗ್ಯಾಸಿನ ವಿಷಯ ನಿನ್ನ ಅಪ್ಪನಿಗೆ ಹೇಳಿದೆ. “ಆ ಗ್ಯಾಸೇ ಅವಳನ್ನು ಓದಿಸಿದ್ದು ಅಂತ ಬರಿ” ಅಂದು ಎದ್ದು ಹೋದ. ಆದರೆ ಅಂಗಡಿಯಲ್ಲಿ ಒಬ್ಬನೇ ಏನೋ ಯೋಚಿಸುತ್ತಾ ಕೂತಿದ್ದನಂತೆ.

ಅದು ಸರಿ, ಮೂರನೇ ಮಹಡಿಯಲ್ಲಿ ನಿಲ್ಲುವುದು ಯಾಕೆ? ನೀನು ಯಾವತ್ತೂ ಗಿಡ ನೋಡುತ್ತಾ ನಿಂತವಳಲ್ಲ. ನಮ್ಮ ಮನೆಯ ಕುಂಡಗಳನ್ನೆಲ್ಲ ಕಾಲಲ್ಲಿ ಒದ್ದು ಬೀಳಿಸಿಕೊಂಡೇ ಬೆಳೆದವಳು.

ಅಜ್ಜಿ

*

ಮಾರ್ಚ್ 3

ಅಜ್ಜೀ,

ನಿನ್ನ ಫೋಟೋಗೆ ದೊಡ್ಡಕ್ಕ ಹಳೆಯ ಕಿಟಕಿಯ ಮರದಿಂದ ಚೌಕಟ್ಟು ಮಾಡಿಸಿ ಅಡುಗೆಮನೆಯಲ್ಲಿ ನೇಮಗಳ ಮೇಲುಗಡೆ ಹಾಕಿದ್ದಾರೆ. ಪ್ಲಾಸ್ಟಿಕ್ ಕೊಡದ ಕಥೆ ಹೇಳಿದೆ. ಎಲ್ಲರೂ ನಕ್ಕರು, ಆದರೂ ತೆಗೆಯಲಿಲ್ಲ. ನಮ್ಮಲ್ಲೊಬ್ಬ ಗಡ್ಡದವನಿದ್ದಾನೆ, ಸೈಕಲ್ ರಿಪೇರಿ ಮಾಡುವವನು. ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿಕೊಳ್ಳುವಾಗ ನಿನ್ನ ಕಡೆ ನೋಡಿ “ಅಜ್ಜೀ, ಕ್ಷಮಿಸಿ” ಅನ್ನುತ್ತಾನೆ.

ನಗಬೇಡ. ನಿನ್ನ ಪ್ರಶ್ನೆಯನ್ನು ನಾನೂ ಹೊತ್ತುಕೊಂಡು ತಿರುಗುತ್ತಿದ್ದೇನೆ. ಬಣ್ಣದ ಕಾರ್ಖಾನೆಯ ಹಿಂದಿನ ಕಾಲುವೆಯನ್ನು ಒಂದು ವರ್ಷದಿಂದ ಶುಚಿ ಮಾಡುತ್ತಿದ್ದೇವೆ. ಕೆಸರಲ್ಲಿ ನಿಂತು ಕಸ ಎತ್ತಿದ್ದೇವೆ, ಅರ್ಜಿ ಕೊಟ್ಟಿದ್ದೇವೆ. ಕಳೆದ ತಿಂಗಳು ನೀರು ತಂದು ಪರೀಕ್ಷೆ ಮಾಡಿದರೆ ಮೊದಲಿದ್ದಷ್ಟೇ ಕೊಳೆ. ಒಂದಿಷ್ಟೂ ಕಡಿಮೆಯಾಗಿಲ್ಲ. ದೊಡ್ಡಕ್ಕ ಅಂಕಿಗಳನ್ನು ಇನ್ನೊಮ್ಮೆ ಓದಿದರು. ಆಮೇಲೆ “ಇದ್ದದ್ದನ್ನೇ ಬರಿ” ಅಂದರು. ಬರೆದೆ. ಪ್ರಾರ್ಥನೆ ಫಲಿಸಲಿಲ್ಲ ಅಂತ ಬರೆದಿಡುವ ಧರ್ಮ ಯಾವುದಾದರೂ ಇದೆಯಾ?

ಆದರೆ ಅಂಥ ದಿನ ನನಗೇನು ಅನ್ನಿಸುತ್ತದೆ ಗೊತ್ತಾ? ಕಾಲುವೆ ನನ್ನ ಕೈಯಲ್ಲಿಲ್ಲ. ಕಾರ್ಖಾನೆ ನನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲಿರುವುದು ನಾನೊಬ್ಬಳೇ. ಅದಾದರೂ ಚೊಕ್ಕವಾಗಿರಲಿ ಅಂತ. ನಾನು ಒಂದು ವಸ್ತುವನ್ನು ಬಿಟ್ಟಿದ್ದೇನೆ. ಸಭೆಯಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಏನು ಅಂತ ನಿನಗೆ ಇನ್ನೊಮ್ಮೆ ಹೇಳುತ್ತೇನೆ.

ಮೊಗ್ಗು ಇನ್ನೂ ಅರಳಿಲ್ಲ. ಈಗ ಎರಡನೇ ಮಹಡಿಯ ಬೆಕ್ಕಿನ ಪರಿಚಯವೂ ಆಗಿದೆ. ಅದರ ಪಕ್ಕ ಮೆಟ್ಟಿಲ ಮೇಲೆ ಕೂರುತ್ತೇನೆ.

ಕಡ್ಡಿ

*

ಮಾರ್ಚ್ 15

ಕಡ್ಡಿ,

ಆಶೀರ್ವಾದ ಗೀಶೀರ್ವಾದ ಎಲ್ಲ ಆಮೇಲೆ.

ಎರಡನೇ ಮಹಡಿಯಲ್ಲಿ ಬೆಕ್ಕಿನ ಪಕ್ಕ ಕೂತೆ ಅಂತ ಓದಿದಾಗಲೇ ನಿನ್ನ ಹಳೆಯ ಕಾಗದಗಳನ್ನೂ ತೆಗೆದು ಮುಂದಿಟ್ಟುಕೊಂಡೆ. ಮೊದಲು ಮೂರನೆಯದು, ಈಗ ಎರಡನೆಯದು. ಮೊದಲು ನಿಲ್ಲುವುದು, ಈಗ ಕೂರುವುದು. ಎದೆಯಲ್ಲಿ ಉಸಿರಿರುವವರು ಮೆಟ್ಟಿಲ ಮೇಲೆ ಮೊಗ್ಗು ಎಣಿಸುವುದಿಲ್ಲ ಕಣೇ, ದಡದಡ ಹತ್ತಿ ಹೋಗುತ್ತಾರೆ. ಚಿಕ್ಕಂದಿನಲ್ಲಿಯೂ ಹೀಗೇ ಮಾಡುತ್ತಿದ್ದೆ. ಆಟದ ಮಧ್ಯೆ ಉಸಿರು ಕಟ್ಟಿದರೆ, ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದೆ ಅಂತ ಬಗ್ಗಿ ಕೂರುತ್ತಿದ್ದೆ. ನಿನ್ನ ಅಮ್ಮ ಕೆಲಸಕ್ಕೆ ಹೋದರೆ ನಿನ್ನನ್ನು ಎದೆಗೆ ಆನಿಸಿಕೊಂಡು ಕೂರುತ್ತಿದ್ದವಳು ನಾನು. ಆ ಸಿಳ್ಳೆಯ ಸದ್ದನ್ನು ಆಗ ಕಿವಿಯಲ್ಲಿ ಕೇಳುತ್ತಿದ್ದೆ. ಈಗ ಕಿವಿ ಹೋಗಿದೆ, ಕಾಗದದಲ್ಲೇ ಕೇಳಿಸುತ್ತಿದೆ.

ನನ್ನ ಮಷೀನಿನ ಖಾನೆಯಲ್ಲಿ ಉಂಡೆನೂಲುಗಳ ಮಧ್ಯೆ ನಿನ್ನ ಉಸಿರಿನ ಔಷಧಿಯ ಹಳೆಯದೊಂದು ನೀಲಿ ಪಫ್ ಡಬ್ಬಿ ಬಿದ್ದಿತ್ತು. ಯಾಕೋ ಏನೋ, ಎಸೆದಿರಲಿಲ್ಲ. ತೆಗೆದು ನಿನ್ನ ಅಪ್ಪನ ಕೈಗೆ ಕೊಟ್ಟು, ಇದರಲ್ಲಿ ಔಷಧಿಯನ್ನು ಹೊರಗೆ ನೂಕುವುದು ಏನೋ ಅಂತ ಕೇಳಿದೆ. ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿದ. “ಅರೆ! ಇದರಲ್ಲೂ ನಮ್ಮ ಫ್ರಿಜ್ಜಿನ ಗ್ಯಾಸೇ ಇದೆಯಲ್ಲಮ್ಮಾ” ಅಂತ ನಕ್ಕ. ನಾನು ನಗಲಿಲ್ಲ. ಯಾಕೆ ಕೇಳಿದೆ ಅಂತ ಅವನಿಗೆ ಹೇಳಲೂ ಇಲ್ಲ.

ನೀನು ಬಿಟ್ಟಿರುವುದು ಅದನ್ನೇ. ಹೌದೋ ಅಲ್ಲವೋ?

ನನಗೊಬ್ಬಳು ಅಕ್ಕ ಇದ್ದಳು. ನಿನಗೆ ಅವಳ ಸುದ್ದಿ ಯಾರೂ ಹೇಳಿಲ್ಲ. ತುಂಬಾ ಒಳ್ಳೆಯವಳು, ನಮ್ಮ ಮನೆಯಲ್ಲಿ ಅಷ್ಟು ಒಳ್ಳೆಯವರು ಮತ್ತೆ ಹುಟ್ಟಲಿಲ್ಲ. ತಮ್ಮನ ಜ್ವರ ಬಿಡಲಿ ಅಂತ ದೇವರ ಮುಂದೆ ತನ್ನ ಔಷಧಿಯನ್ನೇ ಬಿಟ್ಟಳು. ತಮ್ಮ ಎದ್ದ. ಅವಳು ಏಳಲಿಲ್ಲ. ಬಂದವರೆಲ್ಲ ಎಂಥ ಭಕ್ತಿ, ಎಂಥ ಭಕ್ತಿ ಅಂದರು. ನಾನು ಆಗ ಗೇಣುದ್ದ ಇದ್ದೆ, ಬಾಯಿರಲಿಲ್ಲ. ಈಗ ಬಾಯಿದೆ. ಊರೆಲ್ಲ ನನ್ನನ್ನು ಬಾಯಿಬಡುಕಿ ಅನ್ನುತ್ತದಲ್ಲ, ಈ ಬಾಯಿ ಬೆಳೆದದ್ದು ಅವತ್ತಿನಿಂದ.

ಕಾಗದ ಕೈಗೆ ಸಿಕ್ಕಿದ ಕೂಡಲೇ ಉತ್ತರ ಬರಿ.

ಅಜ್ಜಿ

*

ಮಾರ್ಚ್ 24

ಅಜ್ಜೀ,

ಹೌದು. ಆದರೆ ನೀನು ಅಂದುಕೊಂಡಷ್ಟು ಏನೂ ಆಗಿಲ್ಲ. ಉಸಿರಾಟದ ವ್ಯಾಯಾಮ ಮಾಡುತ್ತಿದ್ದೇನೆ. ನನ್ನದು ಸಣ್ಣ ಡಬ್ಬಿ, ನನ್ನಿಂದೇನು ಮಹಾ ಅಂತ ಪ್ರತಿಯೊಬ್ಬರೂ ಅಂದರೆ ಯಾರು ಶುರುಮಾಡುವುದು? ಕಾರ್ಖಾನೆಯವನೂ ಇದನ್ನೇ ಹೇಳುವುದು.

ಅಪ್ಪನಿಗೆ ಹೇಳಬೇಡ, ನನ್ನಾಣೆ. ಎರಡು ದಿನ ರಜೆ ಹಾಕಿದ್ದೇನೆ, ಅಷ್ಟೆ. ಅಕ್ಷರ ಸೊಟ್ಟ ಇರುವುದು ಮಲಗಿಕೊಂಡು ಬರೆದದ್ದಕ್ಕೆ.

ಕಡ್ಡಿ

*

ಮಾರ್ಚ್ 29

ದೊಡ್ಡಕ್ಕನವರಿಗೆ ನಮಸ್ಕಾರ.

ನಿಮ್ಮ ಮನೆಯ ವಿಳಾಸ ಮೊಮ್ಮಗಳ ಕಾಗದದಲ್ಲಿತ್ತು. ಅವಳಿಗೆ ಬರೆಯದೆ ನಿಮಗೇ ಬರೆಯುತ್ತಿದ್ದೇನೆ. ಅವಳಿಗೆ ಬರೆದರೆ ಮಡಿಚಿ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾಳೆ. ಸೋಮವಾರ ನೀವು ಇದನ್ನು ಗಟ್ಟಿಯಾಗಿ ಓದಬೇಕು. ಅವಳ ಉಸಿರು ಹೆಚ್ಚಾಗಿದ್ದರೆ ಸೋಮವಾರಕ್ಕೆ ಕಾಯಬೇಡಿ.

ಸಭೆಯವರೇ,

ನಾನು ನಿಮ್ಮ ಅಡುಗೆಮನೆಯ ಗೋಡೆಯ ಮೇಲಿರುವ ಮುದುಕಿ. ಬಾಯಲ್ಲಿ ಗುಂಡುಪಿನ್ನು ಇರುವವಳು. ಈಗ ಪಿನ್ನು ತೆಗೆದಿದ್ದೇನೆ. ಹೊಗಳಿಕೆ ಬೇಡ ಅಂತ ಕೊಡದ ಕಥೆ ಬರೆದು ಕಳಿಸಿದೆ, ನೀವು ಕೇಳಲಿಲ್ಲ. ಆಗಲಿ, ಒಪ್ಪಿಕೊಂಡೆ. ಗೋಡೆ ಹತ್ತಿಸಿದವರು ಮಾತನ್ನೂ ಕೇಳಬೇಕು.

ನನ್ನ ಮೊಮ್ಮಗಳು ಏನನ್ನೋ ಬಿಟ್ಟೆ ಅಂದಾಗ ನೀವು ಚಪ್ಪಾಳೆ ತಟ್ಟಿದಿರಂತೆ. ಏನನ್ನು ಅಂತ ಯಾರಾದರೂ ಕೇಳಿದಿರಾ? ಕೇಳುವಂತಿಲ್ಲ ಅಂತ ನಿಮ್ಮ ನೇಮ. ಸರಿ, ನಾನು ನಿಮ್ಮ ಸುತ್ತಿನಲ್ಲಿ ಕೂತಿಲ್ಲ, ಗೋಡೆಯ ಮೇಲಿದ್ದೇನೆ, ನನಗೆ ನೇಮವಿಲ್ಲ. ಅವಳು ಬಿಟ್ಟದ್ದು ಉಸಿರು ಕಟ್ಟಿದಾಗ ಬಾಯಿಗೆ ಹಿಡಿಯುವ ಪಫ್. ಅದರಲ್ಲಿ ಭೂಮಿಗೆ ಆಗದ ಗ್ಯಾಸ್ ಇದೆಯಂತೆ, ಅದಕ್ಕೆ. ಐದು ಮಹಡಿ ಹತ್ತಿ ಬರುವಾಗ ಎರಡು ಕಡೆ ಕೂತು ಬರುತ್ತಾಳೆ. ನೀವು ಕುಂಡಗಳನ್ನು ದಾಟಿ, ಬೆಕ್ಕನ್ನು ದಾಟಿ, ಅವಳನ್ನೂ ದಾಟಿ ಹೋಗಿದ್ದೀರಿ.

ಭೂಮಿ ಬಿಸಿಯಾಗುತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ನನ್ನ ಮಷೀನು ಇಡುವ ಕಿಟಕಿಯಲ್ಲಿ ಮೊದಲು ಮಧ್ಯಾಹ್ನದವರೆಗೆ ಕೂರಬಹುದಿತ್ತು, ಈಗ ಬೆಳಗಿನ ತಿಂಡಿಯ ಹೊತ್ತಿಗೇ ಕಬ್ಬಿಣ ಕೈ ಸುಡುತ್ತದೆ. ನಿಮ್ಮ ಕೆಲಸ ದೊಡ್ಡದು. ಕೆಸರಲ್ಲಿ ನಿಲ್ಲುವವರ ಮೇಲೆ ನನಗೆ ಗೌರವವಿದೆ. ಆದರೆ ನಾನೂ ಹೊಲಿಯುವವಳು. ಕಾಲರ್ ಮಗುಚುವಾಗ ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಒಳಮೈಯೂ ಸವೆದಿದ್ದರೆ ಮಗುಚುವುದಿಲ್ಲ, ಮಗುಚಿದರೆ ಅಂಗಿಯೇ ಹರಿಯುತ್ತದೆ. ಎಲ್ಲ ಅಂಗಿಗೂ ಒಂದೇ ಕತ್ತರಿ ಆಡಿಸುವವಳು ದರ್ಜಿಯಲ್ಲ. ಲಿಫ್ಟ್ ಬಿಡುವುದು ಗಡ್ಡದವನಿಗೆ ವ್ಯಾಯಾಮ. ಇವಳಿಗೆ ಅದು ಬೇರೆ.

ಈಗ ನನ್ನ ಅಪ್ಪಣೆ. ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಲಿಫ್ಟಿನಲ್ಲಿ ಇಳಿಸಿ, ಲಿಫ್ಟಿನಲ್ಲೇ ಹತ್ತಿಸಿ. ಆ ಪಾಪವನ್ನು ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ, ಅಲ್ಲಿ ಜಾಗ ಬೇಕಾದಷ್ಟಿದೆ. ಆಮೇಲೆ ಸುತ್ತ ಕೂತು ಒಬ್ಬರನ್ನೊಬ್ಬರು ಬಾಯಿಬಿಟ್ಟು ಕೇಳಿ: ನೀನು ಏನು ಬಿಟ್ಟೆ? ಯಾಕೆ ಬಿಟ್ಟೆ? ಬಿಟ್ಟು ಹೇಗಿದ್ದೀಯ?

ನನ್ನ ಮಗನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ವ್ಯಾನು ತಂದು ನಿಮ್ಮ ಬಾಗಿಲಲ್ಲಿ ಕೂಗಾಡುತ್ತಾನೆ, ಇವಳು ಇನ್ನೂ ಹಟ ಹಿಡಿಯುತ್ತಾಳೆ. ವ್ರತ ಹಿಡಿದವರನ್ನು ಬಯ್ದರೆ ವ್ರತ ಗಟ್ಟಿಯಾಗುತ್ತದೆ, ನನ್ನ ಅತ್ತೆಯ ಮೇಲೆ ಪ್ರಯೋಗ ಮಾಡಿ ನೋಡಿದ್ದೇನೆ. ಆದರೆ ಕಾಗದ ತಲುಪಿದ ಸುದ್ದಿ ತಂತಿಯ ಹಾಗೆ ಓಡಿ ಬರಬೇಕು. ನನ್ನ ಕಿವಿ ಹೋಗಿದ್ದರೂ ಮಗನ ಫೋನಿದೆ. ಸುದ್ದಿ ಬರದಿದ್ದರೆ ವ್ಯಾನು ಹೊರಡುತ್ತದೆ, ಅದರೊಳಗೆ ನಾನೂ ಇರುತ್ತೇನೆ. ದಾರಿಯುದ್ದಕ್ಕೂ ಹೊಗೆ.

ಗೋಡೆಯ ಮೇಲಿನ ಅಜ್ಜಿ

*

ಏಪ್ರಿಲ್ 9

ಅಜ್ಜೀ,

ಮೊನ್ನೆ ದೊಡ್ಡಕ್ಕ ಅಪ್ಪನ ಫೋನಿಗೆ ‘ಅಪ್ಪಣೆ ಪಾಲಿಸಿದ್ದೇವೆ’ ಅಂತಷ್ಟೇ ಸುದ್ದಿ ಕಳಿಸಿದರಂತೆ. ಅಪ್ಪನಿಗೆ ಏನೆಂದು ಹೇಳಿದೆಯೋ ನೀನು! ಈಗ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಅವರು ಸೋಮವಾರಕ್ಕೆ ಕಾಯಲಿಲ್ಲ. ಕಾಗದ ಬಂದ ದಿನವೇ ನನ್ನ ಕೋಣೆಗೆ ಎಲ್ಲರನ್ನೂ ಕರೆದು ಓದಿದರು. ನಾನು ಹೊದಿಕೆ ಎಳೆದುಕೊಂಡು ಮುಖ ಮುಚ್ಚಿಕೊಂಡೆ. ಓದಿ ಮುಗಿದ ಮೇಲೆ ನನ್ನ ಎದೆಯ ಸಿಳ್ಳೆ ಮಾತ್ರ ಕೇಳುತ್ತಿತ್ತು. ಆಮೇಲೆ ಗಡ್ಡದವನು ಅಂದ, “ನಾನು ಅದನ್ನು ಸೆಂಟಿನ ಡಬ್ಬಿ ಅಂದ್ಕೊಂಡಿದ್ದೆ ಮಾರಾಯ್ತಿ.” ಎಲ್ಲರೂ ಹಾಗೇ ಅಂದುಕೊಂಡಿದ್ದರಂತೆ. ನಾನು ಸಭೆಯಲ್ಲಿ ‘ಗ್ಯಾಸಿನ ಡಬ್ಬಿ’ ಅಂತಷ್ಟೇ ಹೇಳಿದ್ದೆ. ಕೇಳುವಂತಿಲ್ಲವಲ್ಲ.

ಆಮೇಲೆ ಒಂದು ತಮಾಷೆ ನಡೆಯಿತು. ನಮ್ಮ ಜೊತೆ ಇರುವ, ಗ್ರಂಥಾಲಯದಲ್ಲಿ ಕೆಲಸ ಮಾಡುವ ಅಕ್ಕ ಎದ್ದು, “ಅಜ್ಜಿ ಹೇಳಿದ್ದೇ ಸರಿ ಅಂತ ಏನು ಗ್ಯಾರಂಟಿ? ಗೋಡೆ ಮೇಲಿದ್ದ ಮಾತ್ರಕ್ಕೆ?” ಅಂದಳು. ದೊಡ್ಡಕ್ಕ, “ಅದೂ ಸರಿ. ಡಾಕ್ಟರನ್ನೇ ಕೇಳೋಣ, ಏಳು” ಅಂತ ನನ್ನ ಚಪ್ಪಲಿ ತಂದಿಟ್ಟರು. ಲಿಫ್ಟಿನಲ್ಲೇ ಇಳಿದೆವು. ಎಷ್ಟೋ ದಿನದಿಂದ ಯಾರೂ ಹತ್ತದೆ, ಗಡ್ಡದವನಿಗೆ ಯಾವ ಗುಂಡಿ ಒತ್ತಬೇಕು ಅಂತಲೇ ಮರೆತುಹೋಗಿತ್ತು.

ಡಾಕ್ಟರು ಚೆನ್ನಾಗಿ ಬಯ್ದರು. ಆಮೇಲೆ, ಗ್ಯಾಸಿಲ್ಲದೆ ಪುಡಿಯನ್ನು ಒಳಗೆಳೆದುಕೊಳ್ಳುವ ಥರದ್ದೂ ಇದೆ, ನಿನಗೆ ಅದು ಹೊಂದುತ್ತದೆ ಅಂತ ನೋಡಿ ಬರೆದುಕೊಟ್ಟರು. ದಿನಾ ಅದು. ನೀಲಿ ಡಬ್ಬಿ ಮಾತ್ರ ಚೀಲದಲ್ಲಿ ಇರಲೇಬೇಕು, ಒಮ್ಮೆಲೇ ಉಸಿರು ಕಟ್ಟಿದರೆ ಯೋಚನೆ ಮಾಡದೆ ಬಳಸು ಅಂದರು. “ಮೊದಲೇ ಬಂದು ಕೇಳೋದಕ್ಕೆ ಏನಾಗಿತ್ತು?” ಅಂತಲೂ ಕೇಳಿದರು. ದಿನವಿಡೀ ನೀರು ಪರೀಕ್ಷೆ ಮಾಡುವವಳು ನಾನು, ಇದೊಂದನ್ನು ಪರೀಕ್ಷೆ ಮಾಡಲಿಲ್ಲ. ಬಿಡುವುದರಲ್ಲಿ ಒಂಥರಾ ಸುಖವಿತ್ತು ಅಜ್ಜೀ. ಕಾಲುವೆ ಶುಚಿಯಾಗದ ದಿನ, ನಾನಾದರೂ ಆದೆ ಅನ್ನುವ ಸುಖ. ಅದೇನು ಅಂತ ನಿನ್ನ ಅಕ್ಕನಿಗೆ ಗೊತ್ತಿದ್ದಿರಬೇಕು.

ಸೋಮವಾರ ಒಬ್ಬರನ್ನೊಬ್ಬರು ಕೇಳಿದೆವು. ಗ್ರಂಥಾಲಯದ ಅಕ್ಕ, ದೂರದ ಪ್ರಯಾಣ ಬೇಡ ಅಂತ ಎರಡು ವರ್ಷದಿಂದ ಅಮ್ಮನನ್ನೇ ನೋಡಿಲ್ಲವಂತೆ. ಮುಂದಿನ ವಾರ ರೈಲು ಹತ್ತುತ್ತಾಳೆ. ನಿನ್ನ ಫೋಟೋವನ್ನು ದೊಡ್ಡಕ್ಕ ಗೋಡೆಯಿಂದ ಇಳಿಸಿದರು. “ಬದುಕಿರೋರನ್ನ ಗೋಡೆಗೆ ಹಾಕಬಾರದು, ಜಗಳಕ್ಕೆ ಬರ್ತಾರೆ” ಅಂದರು. ಈಗ ಚಹಾದ ಡಬ್ಬಿಯ ಪಕ್ಕ ನಮ್ಮ ಜೊತೆಗೇ ಇದ್ದೀಯ.

ಕಡ್ಡಿ

*

ಏಪ್ರಿಲ್ 20

ನನ್ನ ಕಡ್ಡಿಗೆ ಅಜ್ಜಿಯ ಆಶೀರ್ವಾದ, ಹಿಂದಿನ ಬಾಕಿಯೂ ಸೇರಿ.

ಗೋಡೆಯಿಂದ ಇಳಿಸಿದ್ದು ಒಳ್ಳೆಯದಾಯಿತು. ಅಲ್ಲಿ ಬಹಳ ಹೊತ್ತು ಇದ್ದಿದ್ದರೆ ನನಗೂ ಅಭ್ಯಾಸವಾಗಿಬಿಡುತ್ತಿತ್ತು. ಅಪ್ಪಣೆ ಬರೆಯುವಾಗ ಎಷ್ಟು ಹಿತವಾಗಿತ್ತು ಅಂತೀಯ! ನನ್ನ ಅತ್ತೆ ಯಾಕೆ ಹಾಗಿದ್ದಳು ಅಂತ ಈಗ ಅರ್ಥವಾಯಿತು.

ಆ ಗ್ರಂಥಾಲಯದ ಹುಡುಗಿಗೆ ಹೇಳು, ಅವಳ ಬಾಯಿ ನನಗೆ ಇಷ್ಟವಾಯಿತು ಅಂತ. ಅಜ್ಜಿ ಹೇಳಿದ್ದು ಸರಿ ಅಂತ ಏನು ಗ್ಯಾರಂಟಿ! ನನ್ನ ಇಡೀ ಪ್ರಶ್ನೆಗೆ ಆ ಒಂದು ಮಾತು ಅರ್ಧ ಉತ್ತರ. ಮಿಕ್ಕರ್ಧ ಇನ್ನೂ ಕಡಿಯುತ್ತಿದೆ. ಯಾಕೆಂದರೆ ಚಪ್ಪಾಳೆ ತಟ್ಟಿದವರೂ ಅವರೇ, ಚಪ್ಪಲಿ ತಂದಿಟ್ಟವರೂ ಅವರೇ. ಧರ್ಮವೋ ಅಲ್ಲವೋ ಅನ್ನುವುದು ಮನೆ ನೋಡಿ ಹೇಳುವುದಲ್ಲವೇನೋ, ಆಯಾ ದಿನ ನೋಡಿ ಹೇಳಬೇಕೇನೋ. ನನಗೆ ಗೊತ್ತಿಲ್ಲ. ಕೆರೆದುಕೊಳ್ಳುತ್ತಾ ಇರುತ್ತೇನೆ. ನಿನಗೆ ತೋಚಿದರೆ ಬರಿ.

ನಿನ್ನ ಅಪ್ಪನಿಗೆ ಕೊನೆಗೆ ಎಲ್ಲ ಹೇಳಿದೆ. ಕೂಗಾಡಲಿಲ್ಲ. ಮಾರನೆಯ ದಿನ ಯಾರಿಂದಲೋ ಒಂದು ಖಾಲಿ ಸಿಲಿಂಡರು, ಒಂದು ಪಂಪು ತಂದಿದ್ದಾನೆ. ಈಗ ಹಳೆಯ ಫ್ರಿಜ್ ಬಂದರೆ ಬುಸ್ ಅಂತ ಗಾಳಿಗೆ ಬಿಡುವುದಿಲ್ಲ, ಆ ಸಿಲಿಂಡರಿಗೆ ಎಳೆದು ತುಂಬುತ್ತಾನೆ. ಒಂದು ಫ್ರಿಜ್ಜಿನಲ್ಲಿ ನಿನ್ನಂಥ ಡಬ್ಬಿ ಎಷ್ಟೋ ಆಗುವಷ್ಟು ಗ್ಯಾಸ್ ಇರುತ್ತದಂತೆ. ಹಾಗಾದರೆ ಮಗಳ ಪಾಪಕ್ಕೆ ಅಪ್ಪ ಉಪವಾಸ ಕೂತ ಹಾಗಾಯಿತಲ್ಲೋ ಅಂದೆ. “ಪಾಪ ಗೀಪ ಏನೂ ಇಲ್ಲಮ್ಮಾ, ಗ್ಯಾಸಿಗೆ ಈಗ ರೇಟು ಜಾಸ್ತಿ” ಅಂದ. ಮುಖ ಮಾತ್ರ ಬೇರೆ ಹೇಳುತ್ತಿತ್ತು. ನಿನಗೆ ಹೇಳಬೇಡ ಅಂದಿದ್ದಾನೆ. ಅದಕ್ಕೇ ಬರೆದಿದ್ದೇನೆ.

ಸ್ವೆಟರನ್ನು ಬಿಚ್ಚಿ ನಿನ್ನ ಅಪ್ಪನ ವ್ಯಾನಿನ ಸೀಟಿಗೆ ದಿಂಬು ತುಂಬಿದೆ. ಅವನು ಅದನ್ನು ಜನ್ಮದಲ್ಲಿ ಒಗೆಯುವುದಿಲ್ಲ, ಎಳೆ ನೀರಿಗೆ ಹೋಗುವ ಭಯವಿಲ್ಲ. ನಿನಗೆ ಹತ್ತಿಯ ನೂಲಿನಲ್ಲಿ ಇನ್ನೊಂದು ಶುರುಮಾಡಿದ್ದೇನೆ. ಕೊರಳು ಅಗಲವಾಗಿಯೇ ಇದೆ.

ಕೊನೆಗೊಂದು ಪ್ರಶ್ನೆ. ಇದಕ್ಕೆ ಸರಿಯಾಗಿ ಉತ್ತರ ಕೊಡು. ಮೂರನೇ ಮಹಡಿಯ ಅಂಚಿನ ಕುಂಡದ ಮೊಗ್ಗು ಅರಳಿತಾ? ಯಾವ ಬಣ್ಣ?

ನೆಲಕ್ಕಿಳಿದ
ನಿನ್ನ ಅಜ್ಜಿ

*

ಮೇ 2

ಅಜ್ಜೀ,

ಗೊತ್ತಿಲ್ಲ. ಪ್ರತಿ ಸಲವೂ ನೋಡಬೇಕು ಅಂದುಕೊಳ್ಳುತ್ತೇನೆ. ದಡದಡ ಮೆಟ್ಟಿಲು ಹತ್ತಿ, ನೆನಪಾಗುವಷ್ಟರಲ್ಲಿ ಐದನೇ ಮಹಡಿ ಬಂದಿರುತ್ತದೆ.

ಕಡ್ಡಿ